ಫ್ಯುಯೆಲ್ ಸೆಲ್ ಕಾರ್ಯಾಗಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಹಸಿರು ಹೈಡ್ರೋಜನ್ ಮಿಷನ್ ಬಂದ ಮೇಲೆ ಫ್ಯುಯೆಲ್ ಸೆಲ್ ಸಮ್ಮೇಳನ, ಕಾರ್ಯಾಗಾರ ಎಂದು ಆಹ್ವಾನಗಳು ಬರುತ್ತಲೇ ಇವೆ. ಶುಲ್ಕವೂ ನನ್ನದೇ, ರಜೆಯೂ ನನ್ನದೇ. ಯಾವುದಕ್ಕೆ ಹೋಗಲಿ?
– ದಾವಣಗೆರೆ

ಉತ್ತರ: 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿದ ಮೇಲೆ, ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಂದಿಗೆ ಸೇರಿಸಿ ವಿದ್ಯುತ್ ಕೊಡುವ ಫ್ಯುಯೆಲ್ ಸೆಲ್ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಆಹ್ವಾನ ಬಂದಾಗ ಭಾಷಣಕಾರರ ಹೆಸರು ಆಮೇಲೆ ನೋಡಿ, ಮೊದಲು ವೇಳಾಪಟ್ಟಿ ನೋಡಿ. ಮೂರು ದಿನದ ಕಾರ್ಯಾಗಾರದಲ್ಲಿ ಒಂದೂವರೆ ದಿನವಾದರೂ ಲ್ಯಾಬಿನಲ್ಲಿ ಕಳೆಯಬೇಕು. ಬಳಿಕ ಸಂಘಟಕರಿಗೆ ಫೋನ್ ಮಾಡಿ ಕೇಳಿ: ಒಂದು ಸೆಲ್‌ಗೆ ಎಷ್ಟು ಜನ? ಸೆಲ್ಲನ್ನು ನಾವೇ ಬಿಚ್ಚಿ ಜೋಡಿಸುತ್ತೇವೆಯೇ? ಪೋಲರೈಸೇಶನ್ ಕರ್ವ್, ಅಂದರೆ ಕರೆಂಟ್ ಏರಿದಂತೆ ವೋಲ್ಟೇಜ್ ಇಳಿಯುವ ನಕ್ಷೆ, ಅದನ್ನು ನಾವೇ ತೆಗೆಯುತ್ತೇವೆಯೇ? ಆರಕ್ಕಿಂತ ಹೆಚ್ಚು ಜನ ಒಂದು ಬೆಂಚಿನ ಸುತ್ತ ನಿಂತರೆ ಹಿಂದಿನವರು ನೋಡುವುದು ಮುಂದಿನವರ ಬೆನ್ನನ್ನು ಮಾತ್ರ. 'ಪ್ರಾತ್ಯಕ್ಷಿಕೆ ಇರುತ್ತದೆ' ಎಂಬ ಉತ್ತರ ಬಂದರೆ ನಿಮ್ಮ ಕೈಗೆ ಸ್ಪ್ಯಾನರ್ ಬರುವುದಿಲ್ಲ ಎಂದು ತಿಳಿಯಿರಿ. ಅಂಥದಕ್ಕೆ ರಜೆ ಹಾಕಬೇಡಿ.

ಸಮ್ಮೇಳನದ ಮಾತು ಬೇರೆ. ಅಲ್ಲಿ ಕಲಿಸುವುದಿಲ್ಲ, ಮಾಡಿದ ಕೆಲಸ ಚರ್ಚೆಗೆ ಬರುತ್ತದೆ. 1976ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ವಿಶ್ವ ಹೈಡ್ರೋಜನ್ ಎನರ್ಜಿ ಸಮ್ಮೇಳನವಾಗಲಿ, ಸ್ವಿಟ್ಜರ್ಲೆಂಡಿನ ಲ್ಯೂಸರ್ನ್‌ನ ಯುರೋಪಿಯನ್ ಫ್ಯುಯೆಲ್ ಸೆಲ್ ಫೋರಂ ಆಗಲಿ, ನಿಮ್ಮದೇ ಅಳತೆಗಳು ಕೈಯಲ್ಲಿದ್ದಾಗ ಹೋದರೆ ಫಲ ಹೆಚ್ಚು. ಕಲಿಯಲು ಹತ್ತಿರದ ಜಾಗಗಳಿವೆ: ಬೆಂಗಳೂರಿನ ಐಐಎಸ್‌ಸಿ, ತಮಿಳುನಾಡಿನ ಕಾರೈಕುಡಿಯ ಸೆಕ್ರಿ (ಕೇಂದ್ರೀಯ ವಿದ್ಯುತ್‌ರಸಾಯನ ಸಂಶೋಧನಾ ಸಂಸ್ಥೆ), ಚೆನ್ನೈನಲ್ಲಿರುವ ಎಆರ್‌ಸಿಐನ (ಲೋಹದ ಪುಡಿ ಮತ್ತು ಹೊಸ ವಸ್ತುಗಳ ಸಂಶೋಧನಾ ಕೇಂದ್ರ) ಫ್ಯುಯೆಲ್ ಸೆಲ್ ಕೇಂದ್ರ. ಇಲ್ಲಿ ವರ್ಷಗಟ್ಟಲೆ ಸೆಲ್ ಮಾಡಿ ಕೆಡಿಸಿ ಕಲಿತವರಿದ್ದಾರೆ. ಇವರ ಪ್ರಕಟಣೆಗಳ ಮೇಲೆ ಕಣ್ಣಿಡಿ. ಹತ್ತು ವಿಭಾಗಗಳ ವಿಷಯವನ್ನು ಒಂದೇ ಹೆಸರಿನಡಿ ತುಂಬಿ, ಸಾರಾಂಶ ಕಳಿಸಿದ ಮರುದಿನವೇ 'ಸ್ವೀಕೃತ' ಎನ್ನುವ ಸಮ್ಮೇಳನಗಳಿಂದ ದೂರವಿರಿ.

ಪ್ರಶ್ನೆ: ನಮ್ಮ ಡಿಗ್ರಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ 30 ವಿದ್ಯಾರ್ಥಿಗಳಿಗೆ ಎರಡು ದಿನದ ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ಹೈಡ್ರೋಜನ್ ಸಿಲಿಂಡರ್ ತರಲು ಪ್ರಾಂಶುಪಾಲರು ಒಪ್ಪುತ್ತಿಲ್ಲ. ಸತು ಮತ್ತು ಆಮ್ಲದಿಂದ ಅನಿಲ ತಯಾರಿಸಿಕೊಳ್ಳಬಹುದೇ?
– ಶಿರಸಿ

ಉತ್ತರ: ಪ್ರಾಂಶುಪಾಲರು ಹೇಳಿದ್ದು ಸರಿ. ಸತು-ಆಮ್ಲದ ದಾರಿ ಬೇಡವೇ ಬೇಡ: ಆಮ್ಲದ ತುಂತುರು, ಸತುವಿನಲ್ಲಿರುವ ಗಂಧಕ, ಆರ್ಸೆನಿಕ್‌ಗಳಿಂದ ಹುಟ್ಟುವ ಅನಿಲಗಳು ಸೆಲ್ಲಿನೊಳಗೆ ವೇಗವರ್ಧಕವಾಗಿರುವ (ಕ್ಯಾಟಲಿಸ್ಟ್) ಪ್ಲಾಟಿನಂಗೆ ವಿಷ. ಶುರುವಿನಲ್ಲಿ ಫ್ಲಾಸ್ಕಿನೊಳಗೆ ಉಳಿದ ಗಾಳಿಯೊಂದಿಗೆ ಬೆರೆತ ಹೈಡ್ರೋಜನ್ ಸಿಡಿಯಲೂಬಹುದು.

ನಿಮಗೆ ಬೇಕಾದ ಹೈಡ್ರೋಜನ್ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಒಂದು ಸೆಲ್ 1 ಆಂಪಿಯರ್ ಕೊಡಲು ನಿಮಿಷಕ್ಕೆ ಸುಮಾರು 7 ಮಿಲಿಲೀಟರ್ ಹೈಡ್ರೋಜನ್ ಸಾಕು. 5 ಚದರ ಸೆಂಟಿಮೀಟರಿನ ಸೆಲ್ಲಿನಿಂದ 5 ಆಂಪಿಯರ್ ತೆಗೆದರೆ 35 ಮಿಲಿ. ಸ್ವಲ್ಪ ಧಾರಾಳವಾಗಿ 50 ಕೊಡಿ. ಆರು ಜನಕ್ಕೊಂದರಂತೆ ಐದು ಬೆಂಚಿಗೆ 250 ಮಿಲಿ. ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಬಳಸುವ, ನೀರು ವಿಭಜಿಸುವ ಹೈಡ್ರೋಜನ್ ಜನರೇಟರ್ ನಿಮಿಷಕ್ಕೆ 300 ಮಿಲಿಯದು ಒಂದಿದ್ದರೆ ಕೆಲಸ ಆಯಿತು. ಪಕ್ಕದ ಕಾಲೇಜಿನಲ್ಲಿ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ.

ಪ್ರಾಂಶುಪಾಲರ ಮುಂದೆ ಇಡಲು ಇನ್ನೊಂದು ಲೆಕ್ಕವಿದೆ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 90,000 ಲೀಟರ್ ಗಾಳಿ. ಹೈಡ್ರೋಜನ್ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಶೇ 4 ಇರಬೇಕು, ಅಂದರೆ 3,600 ಲೀಟರ್. ಸುಮಾರು 7,000 ಲೀಟರ್ ತುಂಬಿದ ದೊಡ್ಡ ಸಿಲಿಂಡರ್ ಸೋರಿದರೆ ಆ ಮಿತಿ ದಾಟುತ್ತದೆ. ಜನರೇಟರಿನ ಅನಿಲವೆಲ್ಲ ಎಂಟು ಗಂಟೆ ಸೋರಿದರೂ 144 ಲೀಟರ್ ಅಷ್ಟೇ. ಹಾಗೆಂದು ಮೈಮರೆಯಬೇಡಿ. ಹೈಡ್ರೋಜನ್ ಮೇಲಕ್ಕೇರಿ ಸೂರಿನ ಮೂಲೆಯಲ್ಲಿ ಕೂಡಿಕೊಳ್ಳುತ್ತದೆ, ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೇಲಿನ ಕಿಟಕಿಗಳು ತೆರೆದಿರಲಿ, ಸೆಲ್ಲಿನಿಂದ ಹೊರಬರುವ ಅನಿಲದ ಕೊಳವೆ ಕಿಟಕಿಯಾಚೆ ಹೋಗಲಿ, ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಗಾಳಿಗೆ ಅಕ್ವೇರಿಯಂ ಪಂಪ್ ಸಾಕು. 5 ಆಂಪಿಯರಿಗೆ ನಿಮಿಷಕ್ಕೆ 170 ಮಿಲಿ ಕೊಟ್ಟರೆ ಬೇಕಾದ್ದಕ್ಕಿಂತ ಎರಡು ಪಟ್ಟು ಆಗುತ್ತದೆ. ಎಣ್ಣೆ ಹಾಕುವ ಕಂಪ್ರೆಸರ್ ಮಾತ್ರ ಬೇಡ. ಜನರೇಟರಿಗೂ ಅನಿಲಕ್ಕೆ ತೇವ ಕೊಡುವ ಹ್ಯುಮಿಡಿಫೈಯರಿಗೂ ಡಿಅಯನೈಸ್ಡ್ (ಅಯಾನು ತೆಗೆದ) ನೀರನ್ನೇ ಹಾಕಿ. ನಲ್ಲಿ ನೀರಿನ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು, ಸೆಲ್ಲಿನ ನಡುವೆ ಪ್ರೋಟಾನುಗಳನ್ನು ದಾಟಿಸುವ ಪೊರೆಯಲ್ಲಿ ಪ್ರೋಟಾನಿನ ಜಾಗ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಪ್ರಶ್ನೆ: ಕಾರ್ಯಾಗಾರದಲ್ಲಿ ಒಂದು ಸೆಲ್ಲಿನ ವೋಲ್ಟೇಜ್ 1.23 ವೋಲ್ಟ್ ಎಂದು ಹೇಳಿಕೊಟ್ಟರು. ನಾವು ಜೋಡಿಸಿದ ಸೆಲ್ ಲೋಡ್ ಇಲ್ಲದೆಯೂ 0.72 ಮಾತ್ರ ತೋರಿಸಿತು. ಎಲ್ಲಿ ತಪ್ಪಿದೆವು?
– ಬೆಳಗಾವಿ

ಉತ್ತರ: 1.23 ಎಂಬುದು 25 ಡಿಗ್ರಿಯಲ್ಲಿ ಕಾಗದದ ಮೇಲೆ ಬರುವ ಸಂಖ್ಯೆ. ಒಳ್ಳೆಯ ಸೆಲ್ ಕೂಡ ಲೋಡ್ ಇಲ್ಲದಾಗ 0.95ರಿಂದ 1.0 ತೋರಿಸುತ್ತದೆ, ಸ್ವಲ್ಪ ಹೈಡ್ರೋಜನ್ ಪೊರೆ ದಾಟುವುದೂ ಪ್ಲಾಟಿನಂ ಮೇಲ್ಮೈ ಆಕ್ಸೈಡ್ ಆಗುವುದೂ ಇದಕ್ಕೆ ಕಾರಣ. 0.72 ಎಂದರೆ ಹೈಡ್ರೋಜನ್ ಧಾರಾಳವಾಗಿ ಆಚೆ ಹೋಗುತ್ತಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ. ಮೊದಲು ಎರಡೂ ಬದಿಗೆ ನೈಟ್ರೋಜನ್ ಹರಿಸಿ ಹೈಡ್ರೋಜನ್ ತೆಗೆದುಬಿಡಿ. ಆಮೇಲೆ ಹೈಡ್ರೋಜನ್ ಬದಿಯ ಹೊರದಾರಿ ಮುಚ್ಚಿ 0.3 ಬಾರ್ ನೈಟ್ರೋಜನ್ ಕೊಡಿ, ಗಾಳಿಯ ಬದಿಯ ಒಳದಾರಿ ಮುಚ್ಚಿ, ಹೊರಗಿನ ಕೊಳವೆಯನ್ನು ನೀರಿನಲ್ಲಿ ಅದ್ದಿ. ಗುಳ್ಳೆ ಎಡೆಬಿಡದೆ ಬಂದರೆ ಪೊರೆಯಲ್ಲಿ ತೂತು ಇದೆ ಅಥವಾ ಅಂಚಿನಲ್ಲಿ ಅನಿಲ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂತಿಲ್ಲ.

ತೂತಿಗೆ ಮೂಲ ಹೆಚ್ಚಾಗಿ ಗ್ಯಾಸ್ಕೆಟ್ಟಿನ ದಪ್ಪ. ಪೊರೆಯ ಎರಡೂ ಬದಿಗೆ ಕೂರುವ, ಅನಿಲ ಹಂಚುವ ಕಾರ್ಬನ್ ಪೇಪರ್ 190 ಮೈಕ್ರಾನ್ ಇದ್ದರೆ ಅದು ಕಾಲು ಭಾಗದಷ್ಟು ಅದುಮಿಕೊಳ್ಳಬೇಕು. ಹಾಗಾಗಿ ಪ್ರತಿ ಬದಿಯ ಗ್ಯಾಸ್ಕೆಟ್ 140-145 ಮೈಕ್ರಾನ್ ಇರಲಿ. 100ರದ್ದು ಹಾಕಿದರೆ ಪೇಪರ್ ನುಚ್ಚಾಗಿ ಅದರ ನಾರು 50 ಮೈಕ್ರಾನಿನ ಪೊರೆಗೆ ಚುಚ್ಚುತ್ತದೆ. 250ರದ್ದು ಹಾಕಿದರೆ ಪೇಪರ್ ಕರೆಂಟ್ ಹೊರತರುವ ಪ್ಲೇಟಿಗೆ ತಾಗಿಯೂ ತಾಗದಂತಿರುತ್ತದೆ: ಲೋಡ್ ಇಲ್ಲದಾಗ ವೋಲ್ಟೇಜ್ ಚೆನ್ನಾಗಿದ್ದು, ಕರೆಂಟ್ ತೆಗೆದ ಕೂಡಲೇ ನೇರ ಗೆರೆಯಂತೆ ಇಳಿಯುತ್ತದೆ. ಬೋಲ್ಟುಗಳನ್ನು ಎದುರು-ಬದುರಾಗಿ, ಟಾರ್ಕ್ ವ್ರೆಂಚಿನಿಂದ, ಮೂರು ಸುತ್ತಿನಲ್ಲಿ ಬಿಗಿಯಿರಿ.

ಹೆಚ್ಚು ಕರೆಂಟಿನಲ್ಲಿ ವೋಲ್ಟೇಜ್ ಏರಿಳಿಯುತ್ತ ಕುಣಿದರೆ ನೀರು ಕಟ್ಟಿದೆ ಎಂದರ್ಥ. 5 ಆಂಪಿಯರಿನಲ್ಲಿ ಗಂಟೆಗೆ 1.7 ಗ್ರಾಂ ನೀರು ಹುಟ್ಟುತ್ತದೆ, ಗಾಳಿ ಹೆಚ್ಚಿಸಿ ತಳ್ಳಿ. ಸಾವಕಾಶವಾಗಿ ಇಳಿಯುತ್ತಲೇ ಹೋದರೆ ಪೊರೆ ಒಣಗುತ್ತಿದೆ. ಹೊಸ ಸೆಲ್ಲನ್ನು ಕೆಲವು ಗಂಟೆ 0.6 ವೋಲ್ಟಿನಲ್ಲಿ ಓಡಿಸದೆ ಅಳೆಯಬೇಡಿ.

ಪ್ರಶ್ನೆ: ಸೆಲ್ಲಿಗೆ ಬಳಿಯುವ ಕ್ಯಾಟಲಿಸ್ಟ್ ಇಂಕ್ ಮಾಡುವಾಗ ಪ್ಲಾಟಿನಂ-ಕಾರ್ಬನ್ ಪುಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ತಕ್ಷಣ ಕಿಡಿ ಕಂಡಿತು. ಪುಡಿ ಕೆಟ್ಟಿತ್ತೇ?
– ಮಂಗಳೂರು

ಉತ್ತರ: ಪುಡಿ ಚೆನ್ನಾಗಿಯೇ ಇತ್ತು, ಕ್ರಮ ತಪ್ಪಿತ್ತು. ಒಣ ಪ್ಲಾಟಿನಂ-ಕಾರ್ಬನ್ ಮೇಲೆ ಆಲ್ಕೋಹಾಲ್ ಬಿದ್ದರೆ ಗಾಳಿಯ ಆಮ್ಲಜನಕದೊಂದಿಗೆ ಅಲ್ಲೇ ಉರಿಯತೊಡಗುತ್ತದೆ. ಮೊದಲು ನೀರು ಹಾಕಿ ಪುಡಿ ಪೂರ್ತಿ ನೆನೆಯಲಿ, ಬಳಿಕ ಆಲ್ಕೋಹಾಲ್, ಕೊನೆಗೆ ನಾಫಿಯಾನ್ (ಪ್ರೋಟಾನು ದಾಟಿಸುವ ಪಾಲಿಮರ್) ದ್ರಾವಣ.

ಅಳತೆ ಹೀಗೆ: ಚದರ ಸೆಂಟಿಮೀಟರಿಗೆ 0.4 ಮಿಲಿಗ್ರಾಂನಂತೆ 5 ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಪ್ಲಾಟಿನಂ; ಶೇ 40 ಪ್ಲಾಟಿನಂ ಇರುವ ಪುಡಿಯಾದರೆ 5 ಮಿಲಿಗ್ರಾಂ. ಸ್ಪ್ರೇ ಮಾಡುವಾಗ ಅರ್ಧ ಹೋಗಬಹುದು, 10 ತೆಗೆದುಕೊಳ್ಳಿ. ಅದಕ್ಕೆ ಶೇ 5ರ ನಾಫಿಯಾನ್ ದ್ರಾವಣ ಸುಮಾರು 86 ಮಿಲಿಗ್ರಾಂ ಹಾಕಿದರೆ, ಒಣಗಿದ ಮೇಲೆ ನಾಫಿಯಾನ್ ಶೇ 30 ಆಗುತ್ತದೆ. ಅಲ್ಟ್ರಾಸಾನಿಕ್ ಬಾತ್ ತಾನೇ ಬಿಸಿಯಾಗುತ್ತದೆ, ಐಸ್ ಹಾಕಿ ಅರ್ಧ ಗಂಟೆ ಇಡಿ. ಪುಡಿ ಮೆತ್ತಿದ ಟಿಶ್ಯೂವನ್ನು ಕಸದ ಬುಟ್ಟಿಗೆ ಎಸೆಯದೆ ನೀರು ತುಂಬಿದ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಆಲ್ಕೋಹಾಲ್ ಆರುವ ಹೊತ್ತಿಗೆ ಅದೂ ಹೊತ್ತಿಕೊಳ್ಳಬಹುದು.