ಅವನಿಗೆ ಮುಜುಗರ ಆಗಬಾರದು ಅಂತ

ಬಾಣಂತನ ಮುಗಿಸಿ ಬಂದವಳಿಗೆ ಸಾಗರದ ರೂಟ್ ಕೊಡಲಿಲ್ಲ, ಪಾಪ ಅವಳಿಗೆ ಕಷ್ಟ ಆಗುತ್ತೆ ಅಂತ. ಕಾಲು ಸ್ವಲ್ಪ ಎಳೆದು ನಡೆಯುವ ಹುಡುಗನನ್ನು ಕೌಂಟರಿನಲ್ಲಿ ಕೂರಿಸಲಿಲ್ಲ, ಜನ ನೋಡಿದರೆ ಅವನಿಗೇ ಬೇಜಾರು ಅಂತ. ನಾನು ಆಪ್ತಸಲಹೆಗಾರ್ತಿ, ಇಂಥ ಮಾತು ನನ್ನ ಕೋಣೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಹೇಳುವವರೆಲ್ಲ ಒಳ್ಳೆಯ ಜನವೇ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಂಥ ಒಂದು ಪ್ರಕರಣವನ್ನು ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಶಿವಮೊಗ್ಗದ ಒಂದು ಖಾಸಗಿ ಫೈನಾನ್ಸ್ ಶಾಖೆಯ ಮ್ಯಾನೇಜರ್. ವಯಸ್ಸು ನಲವತ್ತು ದಾಟಿದೆ. ನಿದ್ದೆ ಬರುತ್ತಿಲ್ಲ ಅನ್ನೋದು ದೂರು. ಬಿಪಿ, ಶುಗರ್ ಎಲ್ಲ ನಾರ್ಮಲ್. ಅವರ ಕೈಕೆಳಗಿದ್ದ ಫೀಲ್ಡ್ ಆಫೀಸರ್ ಒಬ್ಬ, ದಲಿತ ಕುಟುಂಬದ ಹುಡುಗ, ಕೆಲಸ ಬಿಟ್ಟಿದ್ದ. ಹೋಗುವಾಗ ಒಂದು ವಾಟ್ಸಾಪ್ ಮೆಸೇಜ್ ಹಾಕಿದ್ದ: "ನೀವು ಒಳ್ಳೆಯವರು ಸರ್. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ." ಮೊದಲು ಖುಷಿಯಾಗಿ ಹೆಂಡತಿಗೆ ತೋರಿಸಿದರಂತೆ. "ಇದು ಹೊಗಳಿದ್ದಲ್ಲ ಕಣ್ರೀ" ಅಂದರಂತೆ ಆಕೆ. ನಿದ್ದೆ ಕೆಟ್ಟಿದ್ದು ಅವತ್ತಿನಿಂದ.

ಮೊದಲ ಭೇಟಿಗಳೆಲ್ಲ ತಾವು ಎಂಥವರು ಅನ್ನೋದರಲ್ಲೇ ಹೋದವು. ಜಾತಿ ನೋಡುವವರಲ್ಲ, ಎಲ್ಲರ ಜೊತೆ ಕೂತು ಉಣ್ಣುವವರು, ಆ ಹುಡುಗನನ್ನು ಒಮ್ಮೆಯೂ ಗದರಿದವರಲ್ಲ. ಸುಳ್ಳೇನೂ ಇರಲಿಲ್ಲ. ಆಮೇಲೆ ಒಂದು ದಿನ ಹಾಳೆ ಕೊಟ್ಟು, ಯಾರಿಗೆ ಯಾವ ಏರಿಯಾ ಕೊಟ್ಟಿದ್ರಿ ಬರೀರಿ ಅಂದೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಊರುಗಳೆಲ್ಲ ಇಬ್ಬರ ಕೈಲಿದ್ದವು. ಅಡಿಕೆ ಮಾರಿದ ಮೇಲೆ ಕಂತು ತಾನಾಗಿ ಬರುತ್ತದೆ, ಹಳೇ ಗಿರಾಕಿಯೇ ಹೊಸಬರನ್ನು ಕರೆತರುತ್ತಾನೆ, ಟಾರ್ಗೆಟ್ ಮುಗಿದು ಇನ್ಸೆಂಟಿವ್ ಸಿಗುತ್ತದೆ. ಹುಡುಗನಿಗೆ ಕೊಟ್ಟಿದ್ದು ಶರಾವತಿ ಮುಳುಗಡೆ ಸಂತ್ರಸ್ತರ ಊರುಗಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವತ್ತು ಮನೆ, ಗದ್ದೆ ಬಿಟ್ಟು ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲದ ಅರ್ಜಿಯನ್ನು ಇವರ ಹೆಡ್ ಆಫೀಸ್ ಪಾಸ್ ಮಾಡುವುದಿಲ್ಲ, ಅಂದರೆ ಆ ಹುಡುಗ ಮಳೆಯಲ್ಲಿ ಎಷ್ಟು ಬೈಕ್ ಓಡಿಸಿದರೂ ಟಾರ್ಗೆಟ್ ಮುಟ್ಟುವ ಹಾಗೇ ಇರಲಿಲ್ಲ.

"ಯಾಕೆ ಹೀಗೆ ಹಂಚಿದ್ರಿ?"

"ನಿಮಗೆ ಗೊತ್ತಿಲ್ಲದ್ದೇನಲ್ಲ ಮೇಡಂ. ಆ ಕಡೆ ದೊಡ್ಡ ಮನೆಗಳು. ಬೇರೆಯವರು ಹೋದ್ರೆ ಒಳಗೆ ಕರೆದು ಕಾಫಿ ಕೊಡ್ತಾರೆ. ಇವನು ಹೋದ್ರೆ ಯಾರ ಪೈಕಿ ಅಂತ ಕೇಳಿ ಜಗಲಿಯಲ್ಲೇ ಕೂರಿಸ್ತಾರೆ. ಅವನಿಗೆ ಮುಜುಗರ ಆಗಬಾರದು ಅಂತ ಆ ಕಡೆ ಹಾಕಲಿಲ್ಲ. ನನಗೇ ಅದನ್ನ ನೋಡೋಕಾಗಲ್ಲ."

"ನಿಮಗೆ ನೋಡೋಕಾಗಲ್ವೋ, ಅವನಿಗೆ ತಡೆಯೋಕಾಗಲ್ವೋ? ಅವನನ್ನ ಕೇಳಿದ್ರಾ?"

"ಅಂಥದ್ದನ್ನ ಹೇಗೆ ಕೇಳೋದು ಮೇಡಂ?"

"ತೀರ್ಥಹಳ್ಳಿ ಏರಿಯಾ ಬೇಕಾ, ಬೇಡ್ವಾ ಅಂತ."

ಅವರು ಉತ್ತರ ಕೊಡಲಿಲ್ಲ. ಹಾಳೆ ತಿರುಗಿಸಿ ಲೆಕ್ಕ ಹಾಕತೊಡಗಿದರು. ಆ ಇಬ್ಬರಿಗೆ ತಿಂಗಳಿಗೆ ಸಿಕ್ಕ ಇನ್ಸೆಂಟಿವ್, ಇವನಿಗೆ ಸಿಕ್ಕಿದ್ದು, ಎರಡರ ನಡುವಿನ ವ್ಯತ್ಯಾಸ. ನಾನು ಹಾಕಿ ಅಂದಿರಲಿಲ್ಲ. ಮುಗಿದ ಮೇಲೆ, "ಅವನ ತಂಗಿ ನರ್ಸಿಂಗ್ ಓದ್ತಿದ್ಲು, ಫೀಸಿಗೆ ನನ್ನ ಹತ್ರನೇ ಸಾಲ ಕೇಳಿದ್ದ" ಅಂದರು. ಕೊಟ್ಟಿದ್ದರಂತೆ, ಬಡ್ಡಿ ಇಲ್ಲದೆ. ಅವನ ದುಡಿಮೆಯಿಂದಲೇ ಬರಬಹುದಾಗಿದ್ದ ದುಡ್ಡು ಇವರ ಉಪಕಾರವಾಗಿ ಅವನ ಕೈ ಸೇರಿತ್ತು.

ಕಂಪನಿಗಳಲ್ಲಿ ಇದಕ್ಕೆ ಅರಿವಿಲ್ಲದ ಪೂರ್ವಗ್ರಹ ಅಂತ ಹೆಸರಿಟ್ಟು ತರಬೇತಿ ಕೊಡುತ್ತಾರೆ. ಅಂಥದ್ದು ಇಲ್ಲ ಅಂತ ನಾನು ಹೇಳುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಒಂದೇ ಓದಿನ ಅರ್ಜಿಗಳನ್ನು ಹೆಸರು ಮಾತ್ರ ಬೇರೆ ಮಾಡಿ ಕಳಿಸಿದ್ದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನ ಅರ್ಜಿಗಿದ್ದುದರ ಮೂರನೇ ಎರಡು ಭಾಗದಷ್ಟಿತ್ತು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಆ ಅರ್ಜಿ ನೋಡಿದವರನ್ನು ಕೇಳಿದ್ದರೆ ಜಾತಿ, ಧರ್ಮ ನೋಡಲೇ ಇಲ್ಲ ಅಂತ ಆಣೆ ಮಾಡುತ್ತಿದ್ದರೇನೋ. ಆದರೆ ನಮ್ಮ ಮ್ಯಾನೇಜರ್‌ಗೆ ಜಗಲಿಯ ವಿಷಯ ಚೆನ್ನಾಗಿಯೇ ಗೊತ್ತಿತ್ತು. ಅದರ ಖರ್ಚು ಯಾರ ಸಂಬಳದಿಂದ ಹೋಗುತ್ತಿದೆ ಅನ್ನೋದನ್ನು ಮಾತ್ರ ನೋಡಿರಲಿಲ್ಲ.

ಹಾಗಾಗಿ ಮನಸ್ಸು ಶುದ್ಧ ಮಾಡಿಕೊಳ್ಳಿ ಅಂತ ನಾನು ಹೇಳಲಿಲ್ಲ, ಹಂಚುವ ಕ್ರಮ ಬದಲಿಸಿ ಅಂದೆ. ಏರಿಯಾ ಸರದಿ ಪ್ರಕಾರ ತಿರುಗಲಿ. ಸರದಿ ತಪ್ಪಿಸಬೇಕಾದರೆ ಮೊದಲು ಆ ವ್ಯಕ್ತಿಯನ್ನೇ ಕೇಳಿ, ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯಿರಿ. "ಅಲ್ಲಿನವರ ಜೊತೆ ಹೊಂದಿಕೊಳ್ಳುತ್ತಾನೆ" ಅನ್ನೋದು ಕಾರಣ ಅಲ್ಲ. ಹೊಸಬರನ್ನು ಗಿರಾಕಿ ಮನೆಗೆ ಮೊದಲ ಸಲ ನೀವೇ ಕರೆದುಕೊಂಡು ಹೋಗಿ, ಇವರು ನಮ್ಮ ಆಫೀಸರ್ ಅಂತ ಪರಿಚಯ ಮಾಡಿಸಿ, ಅವರನ್ನು ಜಗಲಿಯಲ್ಲಿ ಕೂರಿಸಿದರೆ ನೀವೂ ಅಲ್ಲೇ ಕೂತು ಕೆಲಸ ಮುಗಿಸಿ ಬನ್ನಿ. ಗಿರಾಕಿ ಜಾತಿ ಎತ್ತಿ ಅವಮಾನ ಮಾಡಿದರೆ ಅದು ಆಫೀಸಿನ ವಿಷಯ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನೌಕರನನ್ನು ಬಚ್ಚಿಡುವುದು ಪರಿಹಾರ ಅಲ್ಲ.

ಇದನ್ನು ಕೇಳಿದ ನನ್ನ ವೃತ್ತಿಯ ಗೆಳತಿಯೊಬ್ಬರು, ಆಪ್ತಸಲಹೆಯನ್ನು ಮ್ಯಾನೇಜ್‌ಮೆಂಟ್ ಕ್ಲಾಸ್ ಮಾಡಿಬಿಟ್ರಲ್ಲ, ಅವರ ಒಳಗಿನ ಜಾತಿಯ ಬಗ್ಗೆ ಮಾತಾಡಿಸಬೇಕಿತ್ತು ಅಲ್ವಾ ಅಂದರು. ಮಾತಾಡಿಸಿದ್ದೇನೆ. ಆದರೆ ಅವರ ಮನಸ್ಸು ಬದಲಾಗುವವರೆಗೂ ಬೇರೆಯವರ ಇನ್ಸೆಂಟಿವ್ ಯಾಕೆ ಕಾಯಬೇಕು? ಕ್ಯಾಲ್ವಿನ್ ಲೈ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರಿಯರು, ಬಿಳಿಯರು ಅನ್ನುವ ಜನಾಂಗಭೇದದ ಇಂಥ ಪೂರ್ವಗ್ರಹ ಕಡಿಮೆ ಮಾಡುವ 9 ವಿಧಾನಗಳನ್ನು 6,000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗಿಸಿದ್ದರು. ಎಲ್ಲವೂ ಆ ಕ್ಷಣಕ್ಕೆ ಕೆಲಸ ಮಾಡಿದವು. ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು ನೋಡಿದರೆ ಒಂದರ ಪರಿಣಾಮವೂ ಉಳಿದಿರಲಿಲ್ಲ. ರಿಜಿಸ್ಟರ್ ಹಾಗಲ್ಲ, ನಾಳೆಯೂ ಮೇಜಿನ ಮೇಲೆ ಇರುತ್ತದೆ.

ಇನ್ನೊಂದು ಆಕ್ಷೇಪ, ಹುಡುಗನ ಹತ್ತಿರ ಕ್ಷಮೆ ಕೇಳಿಸಲಿಲ್ಲ ಅನ್ನೋದು. ಅವರು ಅವನ ಊರಿಗೇ ಹೋಗಿ ಕೇಳಲು ತಯಾರಿದ್ದರು. ನಾನೇ ಬೇಡ ಅಂದೆ. ಮ್ಯಾನೇಜರ್ ಮನೆ ಬಾಗಿಲಿಗೆ ಬಂದು ಕಣ್ಣೀರು ಹಾಕಿದರೆ "ಇರಲಿ ಬಿಡಿ ಸರ್" ಅಂತ ಸಮಾಧಾನ ಮಾಡುವ ಕೆಲಸ ಅವನ ಮೇಲೆ ಬೀಳುತ್ತದೆ. ಅವನಿಗೆ ಅದೂ ಒಂದು ಹೊರೆ. ಬದಲಿಗೆ ಬಾಕಿ ಇನ್ಸೆಂಟಿವ್ ಪಾಸ್ ಮಾಡಿಸಿ, ಅನುಭವ ಪತ್ರದಲ್ಲಿ ಅವನಿಗೆ ಎಂಥ ಏರಿಯಾ ಕೊಟ್ಟಿದ್ದಿರಿ ಅನ್ನೋದನ್ನು ಇದ್ದ ಹಾಗೆ ಬರೆಯಿರಿ, ನಿಮ್ಮ ಒಳ್ಳೆಯ ಉದ್ದೇಶದ ಬಗ್ಗೆ ಒಂದು ಸಾಲೂ ಬೇಡ ಅಂದೆ. ಎರಡನ್ನೂ ಮಾಡಿದರು. "ಸಿಕ್ಕಿತು ಸರ್" ಅಂತ ಉತ್ತರ ಬಂತಂತೆ, ಅಷ್ಟೇ. ಸರದಿ ಶುರು ಮಾಡಿದ್ದಕ್ಕೆ ತೀರ್ಥಹಳ್ಳಿಯ ಆ ಇಬ್ಬರು ಮುನಿಸಿಕೊಂಡಿದ್ದಾರೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ.

ನನ್ನ ಹತ್ತಿರ ಬಂದದ್ದು ಮ್ಯಾನೇಜರ್, ಆ ಹುಡುಗ ಬರಲೇ ಇಲ್ಲ. ಇಂಥ ಪ್ರಕರಣಗಳಲ್ಲಿ ಹೀಗೇ ಆಗುವುದು ಜಾಸ್ತಿ. ಆ ಹುಡುಗನ ಜಾಗದಲ್ಲಿ ನೀವಿದ್ದರೆ, ಮನಸ್ಸು ತುಂಬಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಆಫೀಸಿನಲ್ಲಿ ಜಾತಿ ವಿಷಯ ಎತ್ತುವ ಧೈರ್ಯ ಬಾರದಿದ್ದರೂ ಪರವಾಗಿಲ್ಲ, ಕೆಲಸ ಯಾವ ಆಧಾರದ ಮೇಲೆ ಹಂಚಿದ್ದೀರಿ ಅಂತ ಒಂದು ಮೇಲ್ ಹಾಕಿ ಕೇಳಿ. ಉತ್ತರ ಬಂದರೂ ಬಾರದಿದ್ದರೂ ಆ ಮೇಲ್ ತೆಗೆದಿಟ್ಟುಕೊಳ್ಳಿ.