ಮಂಗಳೂರಿನಲ್ಲಿ 9ನೇ ತರಗತಿಯ ಹುಡುಗಿ ಬಾಸ್ಕೆಟ್‌ಬಾಲ್ ನಂಬಿ ಮುಂದೆ ಹೋಗಬಹುದೇ?

ಹೋಗಬಹುದು, ಆದರೆ ಆಟದಿಂದಲೇ ಹೊಟ್ಟೆ ತುಂಬುವುದಿಲ್ಲ. ನಮ್ಮಲ್ಲಿ ಮಹಿಳಾ ಆಟಗಾರ್ತಿಗೆ ಗಟ್ಟಿ ನೆಲೆ ಅಂದರೆ ಕ್ರೀಡಾ ಕೋಟಾದ ಕೆಲಸ, ಮುಖ್ಯವಾಗಿ ರೈಲ್ವೆ. 2021ರಲ್ಲಿ ಪದ್ಮಶ್ರೀ ಪಡೆದ, ಭಾರತ ಬಾಸ್ಕೆಟ್‌ಬಾಲ್ ತಂಡದ ಮಾಜಿ ನಾಯಕಿ ಅನಿತಾ ಪಾಲ್‌ದುರೈ ಕೂಡ ರೈಲ್ವೆ ಉದ್ಯೋಗಿಯೇ.

ಶಾಲೆಯಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟ ದಾಟಿದರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಡಿಗ್ರಿಗೆ ಬಂದ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯ ತಂಡದ ಸೆಲೆಕ್ಷನ್ ತಪ್ಪಿಸಬಾರದು. ಎಡವುವುದು ಹೆಚ್ಚಾಗಿ ಕಾಗದದಲ್ಲಿ: ಕೇಂದ್ರ ಸರ್ಕಾರದ ಕೋಟಾಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ಫಾರ್ಮ್ 4. ಕೂಟ ಮುಗಿದ ಕೂಡಲೇ ಸಹಿ ಮಾಡಿಸಿಕೊಳ್ಳಿ. ಊರಿನ ಟೂರ್ನಿಗಳಲ್ಲಿ ಗೆದ್ದ ಕಪ್‌ಗಳು ಶೋಕೇಸಿಗೆ ಚಂದ, ಅಷ್ಟೆ.

ಅಭ್ಯಾಸಕ್ಕೆ ಹುಡುಗಿಯರ ಮ್ಯಾಚಿನ 6ನೇ ಸೈಜಿನ ಚೆಂಡೇ ಇರಲಿ. ಹುಡುಗರ ದೊಡ್ಡ, ಭಾರದ 7ನೇ ಸೈಜಿನಲ್ಲಿ ಪಳಗಿದರೆ ಮ್ಯಾಚಿನಲ್ಲಿ ಶಾಟ್ ಬುಟ್ಟಿ ದಾಟಿ ಉದ್ದವಾಗುತ್ತದೆ.

ಹುಡುಗಿಯರಲ್ಲಿ ಮೊಣಕಾಲಿನ ಎಸಿಎಲ್ (ಮಂಡಿಯನ್ನು ಗಟ್ಟಿಯಾಗಿ ಹಿಡಿದಿಡುವ ಒಳಗಿನ ಅಸ್ಥಿರಜ್ಜು) ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗ ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ: ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಮೊದಲು ಅದನ್ನು ತಿದ್ದಬೇಕು. ವಾರಕ್ಕೆರಡು ದಿನ ಸ್ಕ್ವಾಟ್, ಒಂಟಿಕಾಲಿನ ಲ್ಯಾಂಡಿಂಗ್ ಮಾಡಿಸಿ. ಇಲ್ಲಿನ ಮಳೆಗಾಲದಲ್ಲಿ ಬಯಲಿನ ಕಾಂಕ್ರೀಟ್ ಕೋರ್ಟು ಪಾಚಿ ಕಟ್ಟುತ್ತದೆ. ಒಣಗಿದ ಹಾಗೆ ಕಂಡರೂ ಪಿವಟ್ ಮಾಡುವಾಗ (ಒಂದು ಕಾಲೂರಿ ತಿರುಗುವಾಗ) ಕಾಲು ಜಾರುತ್ತದೆ. ಅಂಥ ದಿನ ಒಳಗೇ ಡ್ರಿಬ್ಲಿಂಗ್ ಮಾಡಲಿ.