ಅಕ್ಕರೆ ಅಂದರೆ ಪ್ರೀತಿನೇನಾ?

ಅಕ್ಕರೆ, ಪ್ರೀತಿ ಎರಡೂ ಒಂದೇನಾ, ಮದುವೆ ಗೊತ್ತಾಗಿರುವ ಹುಡುಗಿಗೆ ‘ನಿನ್ನ ಮೇಲೆ ನನಗೆ ಅಕ್ಕರೆ’ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ತಪ್ಪಂತೂ ಅಲ್ಲ. ಆದರೆ ನಾನಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಯಾಕಂದರೆ ಅಕ್ಕರೆಯನ್ನು ನಾವು ನಮ್ಮ ಬಗ್ಗೆ ಹೇಳಿಕೊಳ್ಳುವುದು ಕಡಿಮೆ. ಇನ್ನೊಬ್ಬರಲ್ಲಿ ಕಂಡಾಗ ಹೇಳುತ್ತೇವೆ. ‘ಎಷ್ಟು ಅಕ್ಕರೆಯಿಂದ ಬಡಿಸಿದರು’, ‘ಅಕ್ಕರೆಯಿಂದ ತಲೆ ಸವರಿದಳು’, ‘ತಾತನ ಅಕ್ಕರೆಯ ಮೊಮ್ಮಗಳು’. ಪ್ರೀತಿ ಯಾರಿಗೂ ಹೇಳದೆ ಮನಸ್ಸಿನಲ್ಲೇ ಉಳಿದುಬಿಡಬಹುದು, ಅಕ್ಕರೆ ಹಾಗಲ್ಲ, ಅದು ಕೈಯಲ್ಲಿ, ದನಿಯಲ್ಲಿ, ಇನ್ನೊಂದು ತುತ್ತು ತಿನ್ನು ಅನ್ನುವುದರಲ್ಲಿ ಕಾಣಲೇಬೇಕು. ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುವುದೇ ಜಾಸ್ತಿ. ಸಾಕಿದ ಕರುವಿನ ಮೇಲೂ ಇರುತ್ತದೆ.

ಅಕ್ಕಪಕ್ಕದ ಭಾಷೆಗಳಲ್ಲೂ ಈ ಮಾತು ಇದೆ. ತಮಿಳಿನ ‘ಅಕ್ಕರೈ’ ಅಂದರೆ ಕಾಳಜಿ, ಆಸಕ್ತಿ. ತೆಲುಗಿನಲ್ಲಿ ‘ಅಕ್ಕರ’ ಅಂದರೆ ಬೇಕಾದದ್ದು, ಅಗತ್ಯ. ನಮ್ಮಮ್ಮ ಮಂಡ್ಯ ಕಡೆಯವರು, ಮದುವೆಯಾಗಿ ಬಳ್ಳಾರಿಗೆ ಬಂದರು. ಹೊಸದರಲ್ಲಿ ಪಕ್ಕದ ಮನೆಯ ತೆಲುಗಿನ ಅಜ್ಜಿಗೆ ಹೋಳಿಗೆ ಕೊಡೋಕೆ ಹೋದಾಗ ಅವರು ‘ಅಕ್ಕರ್ಲೇದಮ್ಮಾ’ ಅಂದರಂತೆ. ಬೇಡಮ್ಮಾ ಅಂತ, ಅಷ್ಟೇ. ಅಮ್ಮನಿಗೆ ಮಾತ್ರ ‘ಅಕ್ಕರೆ ಇಲ್ಲ’ ಅಂದ ಹಾಗೆ ಕೇಳಿಸಿ, ಮನೆಗೆ ಬಂದು ಅತ್ತುಬಿಟ್ಟಿದ್ದರು. ಸಂಜೆ ಅದೇ ಅಜ್ಜಿ ಬಟ್ಟಲು ತುಂಬ ಪಾಯಸ ತಂದು, ಎದುರಿಗೇ ಕೂತು, ಪೂರ್ತಿ ತಿನ್ನಿಸಿ ಹೋದರು. ಅಮ್ಮ ಇವತ್ತಿಗೂ ಅವರ ಮಾತು ಬಂದರೆ ‘ಅಕ್ಕರೆಯ ಜೀವ’ ಅಂತಲೇ ಅನ್ನುವುದು. ನನಗೆ ಈ ಪದದ ಅರ್ಥ ತಿಳಿದದ್ದು ಅಲ್ಲಿಂದಲೇ.

ಇದು ‘ಅಕ್ಕ’ನಿಂದ ಬಂದ ಪದ ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಿಕೊಳ್ಳಬೇಡಿ. ಹಳೆಯ ಕಾವ್ಯಗಳಲ್ಲಿ ‘ಅಕ್ಷರ’ದ ತದ್ಭವವಾಗಿ ಬರುವ ‘ಅಕ್ಕರ’ವೂ ಬೇರೆ. ಅಕ್ಕರಿಗ ಅಂದರೆ ಓದು ಬಲ್ಲವನು.

ಇನ್ನು ನಿಮ್ಮ ಪತ್ರ. ‘ನಿನ್ನನ್ನು ಕಂಡರೆ ನನಗೆ ತುಂಬಾ ಇಷ್ಟ’ ಅಂತ ನೇರವಾಗಿ ಬರೆಯಿರಿ, ಒಲವು ಅಂದರೂ ಚೆನ್ನ. ಅಕ್ಕರೆ ಅನ್ನುವ ಮಾತನ್ನು ಆ ಹುಡುಗಿಯ ಬಗ್ಗೆ ಹೇಳುವುದಕ್ಕೆ ಇಟ್ಟುಕೊಳ್ಳಿ. ಅವರು ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಮಾತಾಡಿಸಿದ್ದನ್ನು ನೀವು ನೋಡಿದ್ದರೆ, ‘ಅವತ್ತು ಎಷ್ಟು ಅಕ್ಕರೆಯಿಂದ ಮಾತಾಡಿಸಿದೆ’ ಅಂತ ಬರೆಯಿರಿ. ಖಂಡಿತ ಖುಷಿಪಡುತ್ತಾರೆ.